ಸಣ್ಣ ಚರೆಯ ತೋಟಾ

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರಗಳು.

ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ಚಿಕ್ಕಪ್ಪನ ಕೋವಿಯಿಂದ ಸಿಡಿದು ನನ್ನ ಬೆನ್ನಿಗೆ ಹೊಕ್ಕಿದ್ದ ಚರೆಗಳನ್ನು ಡಾಕ್ಟರು ಒಂದೊಂದಾಗಿ ಹೆಕ್ಕಿ ತೆಗೆದರು. "ಹಂದಿಗೆ ಹಾಕೋ ಒಂಟಿ ಗುಂಡಿನ ತೋಟಾ ಆಗಿದ್ರೆ ಮೂಳೆ ಪುಡಿಯಾಗಿ ಅಲ್ಲೇ ಮುಗಿದುಹೋಗ್ತಿದ್ರಿ. ಇದು ಹಕ್ಕಿಗೆ ಹಾಕೋದು, ಸಾಸಿವೆಯಂಥ ಕಾಳು. ದೂರ ಹೋದಷ್ಟೂ ಚದುರಿ ಬಲ ಕಳ್ಕೊಳ್ಳುತ್ತೆ" ಅಂದರು.

ಒಂಟಿ ಗುಂಡಿನ ಪೆಟ್ಟಿಗೆಯನ್ನು ಬಚ್ಚಿಟ್ಟು, "ಹಂದಿ ಹೆದರಿಸೋಕೆ ಚರೆ ಸಾಕು" ಅಂತ ಚಿಕ್ಕಪ್ಪನ ಜೊತೆ ಜಗಳ ಆಡಿದವರು ನೀವಂತೆ. ನನ್ನ ಮಕ್ಕಳಿಗೆ ಅಪ್ಪ ಉಳಿದದ್ದು ನಿಮ್ಮಿಂದ, ಚಿಕ್ಕಮ್ಮ.

ಕರು ಹುಡುಕುತ್ತಾ ನಿಮ್ಮ ಬೇಲಿಯ ಪಕ್ಕ ಬಗ್ಗಿಕೊಂಡು ಬರುತ್ತಿದ್ದವನನ್ನು ಆ ನಸುಕಿನಲ್ಲಿ ಯಾರೇ ಆಗಿದ್ದರೂ ಹಂದಿ ಅಂತಲೇ ಅಂದುಕೊಳ್ಳುತ್ತಿದ್ದರು. ಪೊಲೀಸರಿಗೂ ಇದನ್ನೇ ಹೇಳಿದ್ದೇನೆ.

ಚಿಕ್ಕಪ್ಪ ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ನನಗೆ ಮುಖ ತೋರಿಸೋಕೆ ಆಗಲ್ಲ ಅಂತಾರಂತೆ. ನನಗೋ ಕೈ ಎತ್ತಲು ಆಗುತ್ತಿಲ್ಲ, ಗಡ್ಡ ಎದೆಗಿಳಿಯುತ್ತಿದೆ. ಭಾನುವಾರ ಅವರೇ ಬಂದು ಬೋಳಿಸಲಿ, ಇಲ್ಲದಿದ್ದರೆ ಮುಂದಿನ ಸಲ ಕರಡಿ ಅಂದುಕೊಂಡಾರು. ನಮ್ಮ ಮನೆಯ ಕ್ಷೌರದ ಕತ್ತಿ ಮೊಂಡಾಗಿದೆ. ಹರಿತವಾದದ್ದನ್ನು ಅವರೇ ತರಲಿ.

ಇಂತಿ,
ನಿಮ್ಮ ಅಕ್ಕನ ಮಗ