ಮೂರನೆಯ ಕಪ್ಪು

ಗುರುವಾರ, ಮಾರ್ಚ್ ೧೪

ಪ್ರೀತಿಯ ತಂಗಿ ಪುಟ್ಟಿಗೆ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ಬರೆಯಲು ಇಪ್ಪತ್ತು ದಿನ ತಡವಾಯಿತು. ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ನಿನ್ನ ಪಾಠ ನನ್ನ ತಲೆ ತಿಂದುಬಿಟ್ಟಿದೆ.

ಬೆನ್ನಿನ ಆಪರೇಷನ್ ಆದಮೇಲೆ ನಿನ್ನ ಅತ್ತಿಗೆ ಮಹಡಿಯ ಕೋಣೆಯಲ್ಲೇ ಮಲಗಿದ್ದಾಳೆ, ಒಬ್ಬಳೇ ಏಳುವಂತಿಲ್ಲ. ಕೆಳಗೆ ನನ್ನ ಮೋಟಾರ್ ರಿಪೇರಿ ಅಂಗಡಿ; ಆ ಗಲಾಟೆಯಲ್ಲಿ ಅವಳು ಕೂಗಿದರೆ ಕೇಳಿಸದು. ಮಂಚಕ್ಕೊಂದು ಬೆಲ್ ಹಾಕಿದೆ. ಅವಳು ಮಗ್ಗುಲು ಬದಲಿಸಿದಾಗಲೆಲ್ಲ ಮೈ ತಗುಲಿ ಅದು ಹೊಡೆದುಕೊಂಡು, ಮೆಟ್ಟಿಲು ಹತ್ತಿ ಹತ್ತಿ ನಾನೇ ಮಲಗುವ ಹಾಗಾಯಿತು. ಆಗ ನೀನು ಕಾಲೇಜಿನಲ್ಲಿ ಕಲಿಸುವ ಫೈನೈಟ್ ಆಟೊಮ್ಯಾಟನ್ ಬರೆದು ಕಳಿಸಿದೆ, ಬಟನ್ ಒತ್ತಿದಾಗಲೆಲ್ಲ ಬಾಣ ತೋರಿಸಿದಂತೆ ಒಂದು ವೃತ್ತದಿಂದ ಇನ್ನೊಂದಕ್ಕೆ ಸಾಗುವ ಯಂತ್ರ. ಕಪ್ಪೊಂದು, ಬಿಳಿಯೊಂದು, ಎರಡು ಬಟನ್; ಒತ್ತಿದ ಸಾಲಿನಲ್ಲಿ ಎಲ್ಲಾದರೂ ‘ಕಪ್ಪು, ಕಪ್ಪು, ಬಿಳಿ’ ಬಂದರೆ ಮಾತ್ರ ಬೆಲ್. “ಅಣ್ಣಾ, ಅದಕ್ಕೆ ಹಿಂದಿನದೇನೂ ನೆನಪಿರಲ್ಲ, ಈಗ ಯಾವ ವೃತ್ತದಲ್ಲಿದೀನಿ ಅನ್ನೋದಷ್ಟೇ ಗೊತ್ತು. ಬಾಣಗಳನ್ನ ನೀನೇ ಹಾಕು” ಅಂದಿದ್ದೆ.

ಹಾಕಿದೆ. ಮೊದಲ ವೃತ್ತ ಖಾಲಿ, ಎರಡನೆಯದು ಒಂದು ಕಪ್ಪು, ಮೂರನೆಯದು ಎರಡು ಕಪ್ಪು, ನಾಲ್ಕನೆಯದು ಬೆಲ್. ಮೂರನೆಯದರಲ್ಲಿರುವಾಗ ಇನ್ನೊಂದು ಕಪ್ಪು ಬಂದರೆ? ಕೇಳಿದ್ದು ಎರಡು, ಮೂರು ಒತ್ತಿದರೆ ತಪ್ಪು, ತಪ್ಪಿದರೆ ಮೊದಲಿನಿಂದ ಶುರು. ಹಾಗೆಂದು ಬಾಣವನ್ನು ಮೊದಲ ವೃತ್ತಕ್ಕೆ ತಿರುಗಿಸಿ ತಂತಿ ಬೆಸೆದೆ. ಆಗ ಬಹಳ ಸರಿಯಾಗಿ ಕಂಡಿತು.

ನಿನ್ನೆ ರಟ್ಟಿನ ಮೇಲೆ ‘ಕಪ್ಪು, ಕಪ್ಪು, ಕಪ್ಪು, ಬಿಳಿ’ ಎಂದು ಬರೆದು, ಮೊದಲನೆಯದನ್ನು ಹೆಬ್ಬೆರಳಿನಿಂದ ಮುಚ್ಚಿದೆ. ಉಳಿದದ್ದು ಕಪ್ಪು, ಕಪ್ಪು, ಬಿಳಿ. ಬೆರಳು ತೆಗೆದರೆ ತಪ್ಪು, ಇಟ್ಟರೆ ಸರಿ. ಇದೆಂಥ ಮಾಯೆ ಮಾರಾಯ್ತಿ? ಮೂರನೆಯ ಕಪ್ಪಿಗೆ ಯಂತ್ರ ಹಿಂದಕ್ಕೆ ಹೋಗದೆ ಅಲ್ಲೇ ನಿಲ್ಲಬೇಕಿತ್ತೆ? ಒಂದು ಸಲ ಹೌದೆನಿಸುತ್ತದೆ, ಇನ್ನೊಂದು ಸಲ ನನ್ನ ಲೆಕ್ಕವೇ ಸರಿ ಎನಿಸುತ್ತದೆ. ಅತ್ತಿಗೆಯಂತೂ ಈಗ ಬಟನ್ ಮುಟ್ಟುವುದೇ ಇಲ್ಲ, ನಾನು ಮೇಲೆ ಹೋಗುವವರೆಗೂ ಸುಮ್ಮನೆ ಕಾಯುತ್ತಾಳೆ. ಬೇಗ ಬರೆ.

ಮಕ್ಕಳು ನಗುನಗುತ್ತಾ ಬೆಳೆಯಲಿ, ನೀನು ಕೈಗೆತ್ತಿಕೊಂಡ ಕೆಲಸವೆಲ್ಲ ಹೂವೆತ್ತಿದಂತೆ ಆಗಲಿ.

ನಿನ್ನ ಅಣ್ಣ

ವಿ.ಸೂ.: ಅತ್ತಿಗೆ ಇದನ್ನು ನಿನಗೆ ಹೇಳಬೇಡಿ ಅಂದಿದ್ದಾಳೆ. ಹೋದ ಮಂಗಳವಾರ ಮಂಚದಿಂದ ಬಿದ್ದಳು. ತಲೆ ಸುತ್ತಿದಾಗ ಬಟನ್ ಒತ್ತಿದ್ದಳಂತೆ, ಬೆಲ್ ಆಗಲಿಲ್ಲ. ಒಂದು ಗಂಟೆ ನೆಲದ ಮೇಲಿದ್ದಳು. ನಾನು ಹೋದವನು ಎಲ್ಲಿ ನೋವು ಎಂದು ಕೇಳಲಿಲ್ಲ, “ಎಷ್ಟು ಸಲ ಒತ್ತಿದೆ?” ಅಂದೆ. “ಗಾಬರೀಲಿ ಕಪ್ಪು ಮೂರು ಸಲ ಒತ್ತಿಬಿಟ್ಟೆ ಕಣ್ರೀ, ಆಮೇಲೆ ಬಿಳಿ” ಅಂದಳು. “ಎರಡೇ ಅಂತ ಎಷ್ಟು ಸಲ ಹೇಳೋದು ನಿಂಗೆ!” ಎಂದು ಗದರಿದೆ. ಈಗ ನೋಡಲು ಬಂದವರಿಗೆಲ್ಲ ಅವಳೇ “ಪಾಪ, ಇವರು ಸರಿಯಾಗೇ ಮಾಡಿದ್ರು, ನಂದೇ ತಪ್ಪು” ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸುತ್ತೇನೆ.