ನಾಲ್ಕು ಕಾರಣ, ಒಂದು ಪ್ರಿಂಟರ್

ಸೋಮವಾರ, 4

ಇವತ್ತು ಪ್ರಿಂಟ್ ಬರಲಿಲ್ಲ. ಇಡೀ ಕಚೇರಿಗೆ ಒಂದೇ ಹೊಸ ಪ್ರಿಂಟರ್, ಅದೂ ಸಾಹೇಬರ ಕೋಣೆಯಲ್ಲಿ. ಎಲ್ಲರ ಕಂಪ್ಯೂಟರಿಗೂ ಅದರ ಡ್ರೈವರ್ ತಂತ್ರಾಂಶ ಹಾಕಿದ ದಿನ ನಾನು ರಜೆ. ಡ್ರೈವರ್ ಇಲ್ಲದೆ ನನ್ನ ಕಂಪ್ಯೂಟರಿನ ಮಾತು ಪ್ರಿಂಟರಿಗೆ ತಿಳಿಯುವುದಿಲ್ಲವಂತೆ. ವರ್ಗಾವಣೆ ಅರ್ಜಿಗೆ ಶುಕ್ರವಾರ ಸಂಜೆ ಐದೇ ಕೊನೆ. ಕೈಬರಹ ನಡೆಯದು. ಬೇರೆಯವರ ಕಂಪ್ಯೂಟರ್ ಮುಟ್ಟುವಂತಿಲ್ಲ. ಪೆನ್‌ಡ್ರೈವ್‌ಗೂ ನಿಷೇಧ.

ಹೆಂಡತಿ, ಮಗಳು ಇನ್ನೊಂದು ಊರಲ್ಲಿ. ಆದರೆ ಅದೊಂದು ಕಾರಣವೇ? ಹಾಗಾಗಿ ಬರೆದೆ: ಅತ್ತೆಗೆ ತೀವ್ರ ಅನಾರೋಗ್ಯ. ಪ್ರಿಂಟ್ ಒತ್ತಿದೆ. ಸದ್ದಿಲ್ಲ.

ಮಂಗಳವಾರ, 5

ಹದಿನೇಳು ಡ್ರೈವರ್‌ಗಳ ಪಟ್ಟಿ ಸಿಕ್ಕಿತು. ಒಂದನ್ನು ಆರಿಸಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಹುಟ್ಟಿದ ದಿನ, ಹೆಂಡತಿ ಹೆಸರು... ಯಾವುದಕ್ಕೂ ಜಗ್ಗಲಿಲ್ಲ.

ಟೈಪಿಸ್ಟ್ ಅಕ್ಕ ಬಗ್ಗಿ ನೋಡಿದರು. "ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ರಾ?"

"ಅದು ಸಾಹೇಬರ ಪಕ್ಕದಲ್ಲಿದೆ ಅಕ್ಕ."

"ಹಾಗಾದ್ರೆ ನೀವೇ ಒಂದ್ಸಲ ಆಫ್ ಆಗಿ ಆನ್ ಆಗಿ."

ಮಧ್ಯಾಹ್ನ ಅತ್ತೆ ಫೋನಿನಲ್ಲಿ ಗಟ್ಟಿಯಾಗಿ ನಕ್ಕರು. ಆ ಕಾರಣಕ್ಕೆ ಬಲ ಸಾಲದೆನಿಸಿ ನನ್ನ ಬೆನ್ನುನೋವು ಹಾಕಿದೆ. ಒತ್ತಿದೆ.

ಗುರುವಾರ, 7

ಮೂರನೆಯ ಕಾರಣ: ಇಲ್ಲಿನ ಧೂಳು, ನನ್ನ ಶ್ವಾಸಕೋಶ. ಒತ್ತಿದೆ.

ಸಂಜೆ ಹೆಂಡತಿಯ ಫೋನ್. "ಸ್ಕೂಲಲ್ಲಿ ನಿಮ್ಮಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರಂತೆ. 'ಭಾನುವಾರ ಬರ್ತಾರೆ' ಅಂದಿದಾಳೆ ನಿಮ್ಮ ಮಗಳು."

"ಅದು ಕೆಲಸ ಅಲ್ವಲ್ಲ."

"ಅವಳಿಗೇನು ಗೊತ್ತು. ಅರ್ಜಿ ಕೊಟ್ರಾ?"

"ಕೊಡ್ತಾ ಇದೀನಿ." ಸುಳ್ಳಲ್ಲ. ಸೋಮವಾರದಿಂದ ಕೊಡುತ್ತಲೇ ಇದ್ದೇನೆ.

ಶುಕ್ರವಾರ, 8. ಬೆಳಗ್ಗೆ 11

ಎಲ್ಲ ಅಳಿಸಿ ಬರೆದೆ: ಮಗಳ ಜೊತೆ ಇರಬೇಕು. ಇಷ್ಟು ಸಣ್ಣ ಕಾರಣಕ್ಕೆ ಯಾರು ಸಹಿ ಹಾಕುತ್ತಾರೆ... ಒತ್ತಿದೆ.

4.20

ಹೆಡ್ಡಾಫೀಸಿನ ಕಂಪ್ಯೂಟರ್ ಮೇಡಂ ಬಂದರು. ಮೂರೇ ನಿಮಿಷದಲ್ಲಿ ಡ್ರೈವರ್ ಹಾಕಿದರು. "ನೀವು ಕೊಟ್ಟಿದ್ದೆಲ್ಲ ಕ್ಯೂನಲ್ಲೇ ಇದೆ ಸರ್. ಒಂದೊಂದಾಗಿ ಬರುತ್ತೆ," ಎಂದು ಚೀಲ ಎತ್ತಿಕೊಂಡು ಹೋದರು.

ಕ್ಯಾನ್ಸಲ್ ಒತ್ತಿದೆ. ಒತ್ತುತ್ತಲೇ ಇದ್ದೆ. ಗೋಡೆಯಾಚೆ, ಸಾಹೇಬರ ಕೋಣೆಯಲ್ಲಿ, ಯಂತ್ರ ಕೆಮ್ಮಿತು. ಅತ್ತೆ ಹೋದರು. ಬೆನ್ನು ಹೋಯಿತು. ಶ್ವಾಸಕೋಶವೂ ಹೋಯಿತು. ಆಮೇಲೆ ನಿಶ್ಶಬ್ದ. ಪೇಪರ್ ಮುಗಿದಿದೆ ಎಂದಿತು ಕಂಪ್ಯೂಟರ್.

4.54

ಸಾಹೇಬರು ಕರೆಸಿದ್ದರು. ಮೂರು ಹಾಳೆ ಮೇಜಿನ ಮೇಲೆ ಸಾಲಾಗಿ.

"ಯಾವುದಕ್ಕೆ ಸಹಿ ಹಾಕ್ಲಿ, ನೀವೇ ಹೇಳಿ."

"ಯಾವುದಕ್ಕೂ ಬೇಡ ಸರ್. ಇನ್ನೊಂದು ಬರ್ಬೇಕು."

"ಅದರಲ್ಲಿ ಯಾರಿಗೆ ಕಾಯಿಲೆ?"

"ಯಾರಿಗೂ ಇಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. ಪೆನ್ನಿನ ಕ್ಯಾಪ್ ಮಾತ್ರ ಹಾಕಲಿಲ್ಲ. ಪ್ರಿಂಟರಿಗೆ ಹಾಳೆ ತುಂಬಿ ನನ್ನ ಜಾಗಕ್ಕೆ ಬಂದು ಕೂತಿದ್ದೇನೆ. ಕಾಯುವುದೊಂದೇ ಉಳಿದ ಕೆಲಸ, ಅದಕ್ಕೇ ಬರೆಯುತ್ತಿರುವುದು. ಗೋಡೆಯಾಚೆ ಈಗ ಒಮ್ಮೆ ಗುರ್ರೆಂದು—