ಸಡಿಲ ಬಿದ್ದ ಸಾಲು

ಗುರುವಾರ, ಬೆಳಿಗ್ಗೆ

ನನ್ನ ಮುದ್ದು ಗುಬ್ಬಿಗೆ,

ಭಾನುವಾರ ನಿನ್ನನ್ನು ಮನೆಗೆ ಕಳಿಸುತ್ತಾರಂತೆ. ಕುಣಿದಾಡಬೇಕಾದ ನಿನ್ನ ಅಮ್ಮನಿಗೆ ನಿದ್ದೆಯೇ ಬರುತ್ತಿಲ್ಲ.

ಕುಡಿತ ಬಿಡಿಸುವ ಆ ಆಸ್ಪತ್ರೆಯಿಂದ ಎರಡು ಸಲ ಓಡಿಬಂದವಳು ನೀನು. ನಿನ್ನ ತಪ್ಪೆನ್ನಲಾರೆ, ಅಲ್ಲಿ ನಮ್ಮ ಜನರ ಮಾತು ಬಲ್ಲವರೇ ಇರಲಿಲ್ಲ. ಈ ಸಲ ದೊಡ್ಡಮ್ಮ ದಿನಾ ಬಂದು ಪಕ್ಕದಲ್ಲಿ ಕೂತು, ನಮ್ಮ ಮಾತಿನಲ್ಲೇ ಬೈದು, ಚಾಪೆ ಹೆಣೆಯುವುದನ್ನು ಕಲಿಸಿದಳಲ್ಲ, ಅದಕ್ಕೇ ನೀನು ನಿಂತೆ. ಬೆಟ್ಟ ಇಳಿಸಿ ನಮ್ಮನ್ನು ಈ ಕಾಲೊನಿಗೆ ತಂದು ಹಾಕಿದ ಮೇಲೆ ನಾವೆಲ್ಲ ಮರೆತ ಕೆಲಸವದು.

ಇಲ್ಲೂ ಅವಳದೇ ದರ್ಬಾರು. ನಿನಗಾಗಿ ಒಂದು ಚಾಪೆ. ಹನಿಯೂ ಮುಟ್ಟದೆ ಮನೆಮಂದಿಯೆಲ್ಲ ದಿನಕ್ಕೊಂದು ಸಾಲು ಹೆಣೆಯಬೇಕು. ಆಸ್ಪತ್ರೆಯ ನರ್ಸಮ್ಮನ ಷರತ್ತೂ ಅದೇ. ಮನೆಯಲ್ಲಿ ಒಬ್ಬರು ಕುಡಿದರೂ ನಿನ್ನನ್ನು ಇಲ್ಲಿಗೆ ಬಿಡುವುದಿಲ್ಲ, ದೂರದ ಹಾಸ್ಟೆಲಿಗೆ ಕಳಿಸುತ್ತಾರೆ.

ನಿನ್ನೆ ಊಟದ ಹೊತ್ತಿನಲ್ಲಿ ದೊಡ್ಡಮ್ಮ ಚಾಪೆಯ ಮೇಲೆ ಅಂಗೈ ಆಡಿಸುತ್ತ ಒಂದು ಕಡೆ ತಡೆದಳು. ಈ ಸಾಲು ಸಡಿಲ ಬಿದ್ದಿದೆ, ಕುಡಿದ ಕೈ ಹೆಣೆದದ್ದು, ಬಾಯಿ ಸುಳ್ಳು ಹೇಳ್ಬಹುದು, ಕೈ ಹೇಳಲ್ಲ ಅಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಿನ್ನ ಅಪ್ಪ ತಮ್ಮ ಬೆರಳು ನೋಡಿಕೊಂಡರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಾನಲ್ಲ ಕಣ್ರೇ, ಮಗಳಾಣೆ ಅಂತ ಅಪ್ಪ ಅಂದರೂ ಯಾರೂ ನಂಬಲಿಲ್ಲ. ಹಿಂದೆ ಕುಡಿದವರಲ್ಲವೇ? ತಟ್ಟೆ ಸರಿಸಿ ಎದ್ದುಹೋದರು.

ಈ ಕಾಗದವನ್ನು ದೊಡ್ಡಮ್ಮನೇ ತರುತ್ತಾಳೆ. ಅವಳು ನರ್ಸಮ್ಮನಿಗೆ ಏನು ಹೇಳಿಬಿಡುತ್ತಾಳೋ ಎಂಬುದೇ ನನಗೆ ಚಿಂತೆ. ಹೇಳಿದರೆ ನೀನು ಬರುವುದಿಲ್ಲ. ಹೇಳದಿದ್ದರೆ ನೀನು ಬರುವುದು ಬಾಟಲಿ ಇರುವ ಮನೆಗೆ. ನನಗೆ ಎರಡೂ ಭಯವೇ ಮಗಳೇ.

ಅಪ್ಪನ ಮೇಲೆ ಮಾತ್ರ ಸಿಟ್ಟಾಗಬೇಡ. ನಿನ್ನ ಕೋಣೆ ಗುಡಿಸಿದ್ದೇನೆ, ಕಿಟಕಿಯ ಹೊಸ ಪರದೆಯನ್ನೂ ಹೊಲಿದು ಹಾಕಿದ್ದೇನೆ. ಅದರ ಹೊಲಿಗೆ ಸೊಟ್ಟಗಿದ್ದರೆ ನಗಬೇಡ.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ದೊಡ್ಡಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಆ ಸಾಲು ಅಪ್ಪನದಲ್ಲ, ನನ್ನದು. ನೀನು ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಹೊಲಿಗೆ ಯಂತ್ರದ ಹಿಂದೆ ನೀನು ಬಚ್ಚಿಟ್ಟಿದ್ದ ಬಾಟಲಿಯನ್ನು ಚೆಲ್ಲಲೆಂದು ತೆಗೆದೆ, ಚೆಲ್ಲಲಿಲ್ಲ. ಅದು ಮುಗಿದ ಮೇಲೆ ಇನ್ನೊಂದು ತಂದೆ. ಅಪ್ಪನಿಗೆ ಇವತ್ತೇ ಹೇಳುತ್ತೇನೆ. ಈ ಕಾಗದವನ್ನು ನರ್ಸಮ್ಮನಿಗೆ ನೀನೇ ಓದಿ ಹೇಳು. ನಿನ್ನ ಪಕ್ಕದ ಮಂಚ ಖಾಲಿ ಇದೆಯಾ ಎಂದೂ ಕೇಳು.